ಬೇರುನಾಳದ ಚಿಕಿತ್ಸೆ ಕೆಟ್ಟರೆ: ಆಗುವ ತೊಡಕು, ಬೀಳುವ ಖರ್ಚು

(ಕುಂತೂರಿನಲ್ಲಿ ಗ್ರಾಮಸ್ಥರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಕುಂತೂರಿನಲ್ಲಿ ಕಡಲೆಯ ಬದಲು ಕಬ್ಬು ಎನ್ನಬೇಕಾದೀತು. ಗದ್ದೆಯಲ್ಲಿ ಕಬ್ಬು, ರಸ್ತೆಯ ಮೇಲೆ ಕಬ್ಬಿನ ಗಾಡಿ, ಊರ ಮಗ್ಗುಲಲ್ಲೇ ಸಕ್ಕರೆ ಕಾರ್ಖಾನೆ. ಚಿಕ್ಕ ಹುಡುಗರಿಂದ ಹಿಡಿದು ದೊಡ್ಡವರವರೆಗೆ ಜಲ್ಲೆಯನ್ನು ಹಲ್ಲಿನಿಂದಲೇ ಸಿಗಿದು ತಿನ್ನುವ ಊರಿದು. ಇಂಥ ಊರಿನಲ್ಲಿ ಹಲ್ಲಿನ ವಿಷಯವಾಗಿ ನಾಲ್ಕು ಮಾತನಾಡಿದರೆ ಯಾರಿಗೂ ಬೇಸರವಾಗದೆಂದು ನಂಬಿದ್ದೇನೆ.

ಹಲ್ಲುಜ್ಜುವ ಕ್ರಮವನ್ನು ಹೇಳಲು ನಾನು ನಿಂತಿಲ್ಲ. ಅದನ್ನು ಶಾಲೆಯ ಮಕ್ಕಳೇ ನಿಮಗೆ ಹೇಳಿಕೊಡುತ್ತಾರೆ. ಹುಳುಕು ಬಿದ್ದು ಕೆಟ್ಟ ಹಲ್ಲನ್ನು ಕೀಳದೆ ಉಳಿಸಿಕೊಳ್ಳುವ ಚಿಕಿತ್ಸೆಯೊಂದಿದೆ. ಪೇಟೆಯಲ್ಲಿ ಅದನ್ನು ರೂಟ್ ಕೆನಾಲ್ ಎನ್ನುತ್ತಾರೆ. ನಾವು ಬೇರುನಾಳದ ಚಿಕಿತ್ಸೆ ಎನ್ನೋಣ. ಈಗ ಹಳ್ಳಿಗರೂ ಇದನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಒಳ್ಳೆಯದೇ ಆಯಿತು. ಆದರೆ ಈ ಚಿಕಿತ್ಸೆ ಎಲ್ಲೆಲ್ಲಿ ಕೆಡುತ್ತದೆ, ಕೆಟ್ಟರೆ ದೇಹಕ್ಕೇನು, ಜೇಬಿಗೇನು ಎಂಬುದನ್ನು ಬಿಡಿಸಿ ಹೇಳುವವರು ಕಡಮೆ. ಆ ಕೆಲಸವನ್ನು ಇಂದು ನಾನು ವಹಿಸಿಕೊಂಡಿದ್ದೇನೆ.

ಮೊದಲು ಹಲ್ಲಿನ ರಚನೆಯನ್ನು ನೋಡೋಣ. ಹಲ್ಲು ಹೊರನೋಟಕ್ಕೆ ಬೆಣಚುಕಲ್ಲಿನಂತೆ ಕಂಡರೂ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಮೆತ್ತನೆಯ ತಿರುಳಿದೆ; ತಿರುಳಿನಲ್ಲಿ ರಕ್ತನಾಳಗಳೂ ನರಗಳೂ ಇವೆ. ಈ ತಿರುಳು ಹಲ್ಲಿನ ತಲೆಯಿಂದ ಇಳಿದು, ಬೇರಿನೊಳಗಿನ ಸಣ್ಣ ಕಾಲುವೆಗಳಲ್ಲಿ ಸಾಗಿ, ಬೇರಿನ ತುದಿಯ ರಂಧ್ರದಲ್ಲಿ ದವಡೆಯ ಮೂಳೆಯನ್ನು ಮುಟ್ಟುತ್ತದೆ. ಆ ಕಾಲುವೆಯೇ ಬೇರುನಾಳ. ಮೇಲಿನ ಮುಂಬದಿಯ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ಕೆಳದವಡೆಯ ಮೊದಲ ದೊಡ್ಡ ಹಲ್ಲಿಗೆ ಬೇರು ಎರಡಾದರೂ ನಾಳ ಮೂರು, ಕೆಲವರಲ್ಲಿ ನಾಲ್ಕು. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿಗೆ ಬೇರು ಮೂರು, ನಾಳ ಬಹುಮಂದಿಯಲ್ಲಿ ನಾಲ್ಕು. ಈ ನಾಲ್ಕನೆಯದು ತೀರ ಸಣ್ಣದು, ಮೂಲೆಯಲ್ಲಿ ಅಡಗಿಕೊಂಡಿರುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಇದರ ಮಾತು ಬರುತ್ತದೆ.

ಹುಳುಕು ಮೇಲ್ಪದರದಲ್ಲಿ ಇರುವವರೆಗೆ ಸಿಮೆಂಟು ತುಂಬಿಸಿದರೆ ತೀರಿತು. ಅದು ತಿರುಳಿನವರೆಗೆ ಕೊರೆದಾಗ ನೋವು ಬೇರೆ ಬಗೆಯದಾಗುತ್ತದೆ. ಬಿಸಿ ಕುಡಿದರೆ ಚಳುಕು, ರಾತ್ರಿ ಮಲಗಿದೊಡನೆ ಕಿವಿಯವರೆಗೆ ಸೆಳೆತ, ನಿದ್ದೆಯಿಲ್ಲ. ಲವಂಗದ ಎಣ್ಣೆಯಿಂದ ಒಂದು ಗಳಿಗೆ ನೋವು ತಗ್ಗೀತು, ಹುಳುಕು ತಗ್ಗದು. ಎಕ್ಕದ ಹಾಲು ಹಚ್ಚಿದರೆ ಬಾಯಿ ಸುಡುತ್ತದೆ. ಬೀಜದ ಹೊಗೆ ಹಾಕಿ ಹಲ್ಲಿನ ‘ಹುಳ’ ತೆಗೆಸುವವರೂ ಉಂಟು; ಹಲ್ಲಿನಲ್ಲಿ ಅಂಥ ಹುಳವೇ ಇಲ್ಲವಾದ್ದರಿಂದ ಅದನ್ನು ತೆಗೆದು ತೋರಿಸುವವನ ಕೈಚಳಕವನ್ನಷ್ಟೇ ಮೆಚ್ಚಬೇಕು. ಹೀಗೆ ಕೆಲವು ದಿನ ನರಳಿದ ಮೇಲೆ ಒಂದು ಬೆಳಿಗ್ಗೆ ನೋವು ತಾನಾಗಿ ನಿಂತುಹೋಗುತ್ತದೆ. ಆಗ ಎಲ್ಲರೂ ದೇವರಿಗೆ ಕೈಮುಗಿಯುತ್ತಾರೆ. ಆದರೆ ನಡೆದುದೇನು? ತಿರುಳು ಸತ್ತಿತು, ನರ ಸತ್ತಿತು, ಆದುದರಿಂದ ನೋವು ನಿಂತಿತು. ಸತ್ತ ತಿರುಳು ಒಳಗೆ ಕೊಳೆಯುತ್ತದೆ. ಕೀವು ಬೇರಿನ ತುದಿಯಿಂದ ಮೂಳೆಗೆ ಇಳಿದು, ಮೂಳೆಯನ್ನು ಸವೆಸಿ, ಒಸಡಿನ ಮೇಲೆ ಗುಳ್ಳೆಯಾಗಿ ಏಳುತ್ತದೆ. ಇದು ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುವ ಕೆಲಸ.

ಅಂಗಡಿಯಿಂದ ಮಾತ್ರೆ ತಂದು ನುಂಗಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಾತ್ರೆಯ ಮದ್ದು ರಕ್ತದ ಮೂಲಕ ಹರಿಯುವಂಥದು. ಸತ್ತ ತಿರುಳಿನೊಳಗೆ ರಕ್ತವೇ ಓಡುವುದಿಲ್ಲ. ಮಾತ್ರೆಯಿಂದ ಸುತ್ತಲಿನ ಊತ ಇಳಿಯಬಹುದು; ಕೊಳೆ ಕೊಳೆಯಾಗಿಯೇ ಉಳಿದು, ಮಾತ್ರೆ ನಿಲ್ಲಿಸಿದ ಕೆಲವು ದಿನಕ್ಕೆ ಮತ್ತೆ ತಲೆಯೆತ್ತುತ್ತದೆ. ಕೊಳೆಯನ್ನು ಕೈಯಿಂದಲೇ ತೆಗೆಯಬೇಕು. ಅದನ್ನು ತೆಗೆಯುವ ಕ್ರಮವೇ ಬೇರುನಾಳದ ಚಿಕಿತ್ಸೆ.

ವೈದ್ಯರು ಹಲ್ಲನ್ನು ಮರಗಟ್ಟಿಸಿ, ಮೇಲಿನಿಂದ ಕಿಂಡಿ ತೆರೆದು, ಫೈಲ್ ಎಂಬ ಸೂಜಿಯಂಥ ಸಣ್ಣ ಅರಗಳಿಂದ ಒಂದೊಂದೇ ನಾಳವನ್ನು ಕೆರೆದು ಅಗಲಿಸುತ್ತಾರೆ. ಮಧ್ಯೆ ಮಧ್ಯೆ ಔಷಧದ ನೀರಿನಿಂದ ತೊಳೆಯುತ್ತಾರೆ. ನಾಳದ ಉದ್ದವನ್ನು ಎಕ್ಸ್-ರೇ ತೆಗೆದೋ ಯಂತ್ರದಿಂದಲೋ ಅಳೆಯುತ್ತಾರೆ. ಬಳಿಕ ಗಟ್ಟಾಪರ್ಚಾ ಎಂಬ ಅಂಟುಮೇಣದಂಥ ಪದಾರ್ಥವನ್ನು ತುದಿಯವರೆಗೆ ತುಂಬಿ ಮುಚ್ಚುತ್ತಾರೆ. ಈ ಗಟ್ಟಾಪರ್ಚಾ ಮಲಯ ನಾಡಿನ ಒಂದು ಮರದ ಹಾಲು. ಹಿಂದೆ ಸಮುದ್ರದ ತಳದಲ್ಲಿ ಹಾಸಿದ ತಂತಿಗಳಿಗೆ ನೀರು ತಾಕದಂತೆ ಇದನ್ನೇ ಹೊದಿಸುತ್ತಿದ್ದರು. ಕಡಲ ನೀರನ್ನು ತಡೆದದ್ದು ಈಗ ಬಾಯಿಯ ನೀರನ್ನು ತಡೆಯುತ್ತಿದೆ. ಕೊನೆಗೆ ಹಲ್ಲಿಗೆ ಗಟ್ಟಿಯಾದ ತುಂಬು, ಅದರ ಮೇಲೆ ಕ್ಯಾಪು. ಕ್ಯಾಪು ಕುಳಿತ ಮೇಲೆಯೇ ಕೆಲಸ ಮುಗಿದಂತೆ. ಒಪ್ಪವಾಗಿ ಮಾಡಿದಲ್ಲಿ ಹತ್ತು ಹಲ್ಲಿಗೆ ಎಂಟು ಒಂಬತ್ತು ಹಲ್ಲು ವರ್ಷಗಟ್ಟಲೆ ಬಾಳುತ್ತವೆ. ಆದುದರಿಂದ ನಾನು ಮುಂದೆ ಹೇಳುವುದನ್ನು ಕೇಳಿ ಯಾರೂ ಚಿಕಿತ್ಸೆಗೇ ಹೆದರಬೇಕಾಗಿಲ್ಲ.

ಈಗ ಅದು ಕೆಡುವ ಬಗೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಹಳ್ಳಿಗಳಲ್ಲಿ ಈ ಚಿಕಿತ್ಸೆಯನ್ನು ಕೆಡಿಸುವ ಮೊದಲನೆಯ ಶತ್ರು ನೋವು ನಿಲ್ಲುವುದೇ. ಆಶ್ಚರ್ಯಪಡಬೇಡಿ. ಮೊದಲ ಸಲ ಹೋದಾಗ ವೈದ್ಯರು ಕಿಂಡಿ ತೆರೆದು, ತಿರುಳು ತೆಗೆದು, ಮೇಲೆ ತಾತ್ಕಾಲಿಕ ಸಿಮೆಂಟು ಮೆತ್ತಿ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ಆ ರಾತ್ರಿಯೋ ಮಾರನೆಯ ರಾತ್ರಿಯೋ ಸೊಗಸಾಗಿ ನಿದ್ದೆ ಬರುತ್ತದೆ. ಮುಂದಿನ ವಾರ ಕಬ್ಬು ಕಡಿಯುವ ಆಳುಗಳು ಬಂದಿರುತ್ತಾರೆ, ಇಲ್ಲವೆ ಮಾದಪ್ಪನ ಬೆಟ್ಟಕ್ಕೆ ಹೊರಡಬೇಕಾಗಿರುತ್ತದೆ. ‘ನೋವು ನಿಂತೋಯ್ತು ಕನಣ್ಣ, ಇನ್ಯಾಕೆ ಓಗಿ ದುಡ್ಡು ಸುರಿಯದು?’ ಎಂಬ ಮಾತು ಹುಟ್ಟುತ್ತದೆ. ತಾತ್ಕಾಲಿಕ ಸಿಮೆಂಟು ಹೆಸರಿಗೆ ತಕ್ಕಂತೆ ಕೆಲವು ವಾರ ಮಾತ್ರ ತಡೆಯುವಂಥದು. ಅದು ಸವೆದು ಸಂದಿ ಬಿಟ್ಟೊಡನೆ ಎಂಜಲು, ಅನ್ನದ ಅಗುಳು, ರೋಗಾಣು ಎಲ್ಲವೂ ನೇರವಾಗಿ ಮೂಳೆಯವರೆಗೆ ಇಳಿಯಲು ವೈದ್ಯರೇ ಅಗಲಿಸಿಟ್ಟ ದಾರಿ ಸಿಗುತ್ತದೆ. ಹಿಂದೆ ಕಾಲುವೆ ಕಿರಿದಾಗಿತ್ತು, ಈಗ ಹೆದ್ದಾರಿ. ತುಂಬದೆ ಬಿಟ್ಟ ಹಲ್ಲು ಮುಟ್ಟದೆ ಬಿಟ್ಟ ಹಲ್ಲಿಗಿಂತ ಬೇಗ ಕೆಡುವುದು ಇದರಿಂದಲೇ.

ಎರಡನೆಯದು ಕ್ಯಾಪು ಹಾಕಿಸದೆ ಬಿಡುವುದು. ನಾಳ ತುಂಬಿಸಿದ ದೊಡ್ಡ ಹಲ್ಲಿನ ನಡುಭಾಗವನ್ನು ಕೊರೆದು ತೆಗೆದಿರುತ್ತಾರೆ. ಉಳಿದದ್ದು ಗೋಡೆ ಮಾತ್ರ. ತೊಲೆ ಕಿತ್ತ ಮನೆಯ ಗೋಡೆಯ ಹಾಗೆ. ಇಂಥ ಹಲ್ಲಿನಿಂದ ಕಬ್ಬಿನ ಗಿಣ್ಣು ಕಚ್ಚಿದರೆ ಗೋಡೆ ಸೀಳುತ್ತದೆ. ಸೀಳು ಮೇಲ್ಭಾಗದಲ್ಲಿದ್ದರೆ ಕಟ್ಟಿಕೊಡಬಹುದು. ಬೇರಿನ ಉದ್ದಕ್ಕೆ ಸೀಳಿದರೆ ಅದನ್ನು ಕೂಡಿಸುವ ವಿದ್ಯೆ ಇನ್ನೂ ಯಾರಲ್ಲೂ ಇಲ್ಲ, ಹಲ್ಲನ್ನು ಕೀಳಲೇಬೇಕು. ೨೦೦೨ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಾಳ ತುಂಬಿಸಿ ಕ್ಯಾಪು ಹಾಕಿಸದ ಹಲ್ಲುಗಳು ಕ್ಯಾಪು ಹಾಕಿಸಿದ ಹಲ್ಲುಗಳಿಗಿಂತ ೬ ಪಟ್ಟು ಹೆಚ್ಚಾಗಿ ಬಿದ್ದುದು ಕಂಡುಬಂದಿತು. ಅಲ್ಲಿ ಕಬ್ಬು ಜಗಿಯುವವರು ನಮ್ಮಷ್ಟು ಇದ್ದಿರಲಾರರು! ರಾಗಿಮುದ್ದೆಯಾದರೋ ನುಂಗುವ ಪದಾರ್ಥ, ಅದರಿಂದ ಹಲ್ಲಿಗೆ ಭಯವಿಲ್ಲ. ಕಬ್ಬು, ಎಲುಬು, ಹುರಿದ ಅವರೆಕಾಳು ಇವು ಮೂರನ್ನು ಕ್ಯಾಪು ಕೂರುವವರೆಗೆ ಆ ಮಗ್ಗುಲಿಗೆ ತರಕೂಡದು.

ಇವೆರಡೂ ನಮ್ಮ ಕೈಯಲ್ಲಿರುವ ಸಂಗತಿಗಳು. ವೈದ್ಯರ ಕೈಯಲ್ಲಿ ಕೆಡುವ ಸಂಗತಿಗಳೂ ಇವೆ, ಅವನ್ನೂ ಮುಚ್ಚಿಡಬೇಕಾಗಿಲ್ಲ.

ಆಗಲೇ ಹೇಳಿದ ನಾಲ್ಕನೆಯ ನಾಳ ಕಣ್ಣಿಗೆ ಬೀಳದೆ ಉಳಿದುಹೋದರೆ ಮೂರು ನಾಳ ಎಷ್ಟೇ ಚೆನ್ನಾಗಿ ತುಂಬಿದ್ದರೂ ಅಲ್ಲಿಂದ ಕೀವು ಮರಳುತ್ತದೆ. ಬಾಗಿದ ಬೇರಿನಲ್ಲಿ ಫೈಲು ಒಮ್ಮೊಮ್ಮೆ ಮುರಿದು ತುದಿ ಒಳಗೇ ಉಳಿಯುತ್ತದೆ. ನುರಿತವರ ಕೈಯಲ್ಲೂ ಇದು ಆಗುವುದುಂಟು. ನಾಳ ಅಷ್ಟುಹೊತ್ತಿಗೆ ಸ್ವಚ್ಛವಾಗಿದ್ದರೆ ಆ ಚೂರಿನ ಮೇಲೆಯೇ ತುಂಬಿ ಮುಚ್ಚಿದರೂ ಹಲ್ಲು ಬಾಳೀತು. ಕೊಳೆ ಉಳಿದಿದ್ದರೆ ಬಾಳದು. ಮುರಿದ ಸಂಗತಿಯನ್ನು ರೋಗಿಗೆ ತಿಳಿಸಬೇಕಾದುದು ವೈದ್ಯರ ಧರ್ಮ. ಕೊರೆಯುವಾಗ ದಾರಿ ತಪ್ಪಿ ಬೇರಿನ ಮಗ್ಗುಲಿಗೆ ತೂತು ಬೀಳುವುದು ಇನ್ನೊಂದು. ಅದನ್ನು ಅಂದೇ ಮುಚ್ಚಿದರೆ ಆಸೆಯುಂಟು, ತಡವಾದಷ್ಟೂ ಆಸೆ ಕುಗ್ಗುತ್ತದೆ. ಕೆಳದವಡೆಯ ಹಿಂದಿನ ಹಲ್ಲುಗಳ ಬೇರಿನ ಕೆಳಗೆ ತುಟಿ ಗದ್ದಗಳಿಗೆ ಹೋಗುವ ದೊಡ್ಡ ನರವೊಂದು ಸಾಗುತ್ತದೆ. ತುಂಬುವ ಪದಾರ್ಥ ತುದಿ ಮೀರಿ ಆ ನರದ ಮೇಲೆ ಬಿದ್ದರೆ ತುಟಿ ಜೋಮು ಹಿಡಿದು ಹಾಗೆಯೇ ನಿಲ್ಲುತ್ತದೆ. ಸೂಜಿಯ ಜೋಮು ಕೆಲವು ಗಂಟೆಗಳಲ್ಲಿ ಇಳಿಯುವಂಥದು. ಮಾರನೆಯ ಬೆಳಿಗ್ಗೆ ಎದ್ದಾಗಲೂ ತುಟಿ ಮರದಂತಿದ್ದರೆ ಕಾಯಬೇಡಿ, ಅಂದೇ ಹೋಗಿ ತಿಳಿಸಿ.

ಇನ್ನು ತೊಳೆಯುವ ನೀರು. ಅದು ಸೋಡಿಯಂ ಹೈಪೋಕ್ಲೋರೈಟ್. ಪಂಚಾಯಿತಿಯವರು ನೀರಿನ ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪುಡಿಯ ದಾಯಾದಿ ಎನ್ನಬಹುದು. ನಾಳದೊಳಗೆ ಇದ್ದರೆ ಕೊಳೆಯನ್ನು ಕರಗಿಸುತ್ತದೆ. ಒತ್ತಡದಿಂದ ಬೇರಿನ ತುದಿ ದಾಟಿದರೆ ಮಾಂಸವನ್ನೇ ಸುಡುತ್ತದೆ. ಕುರ್ಚಿಯ ಮೇಲಿರುವಾಗಲೇ ತಡೆಯಲಾಗದ ಉರಿ, ನಿಮಿಷಗಳಲ್ಲಿ ಕೆನ್ನೆಯ ಊತ, ಮುಂದೆ ಕಣ್ಣಿನ ಕೆಳಗೆ ಕಪ್ಪು ಕಂದು. ಬಹುತೇಕ ಕೆಲವು ವಾರಗಳಲ್ಲಿ ಇಳಿಯುತ್ತದೆ, ಆದರೆ ಆ ವಾರಗಳು ಕಷ್ಟದವು. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿ ಕೆಲಸ ಮಾಡುವವರ ಬಳಿ ಈ ನೀರು ಬಾಯಿಗೆ ಸೋರುವುದೂ ಇಲ್ಲ, ಫೈಲು ಜಾರಿ ಗಂಟಲಿಗೆ ಬೀಳುವುದೂ ಇಲ್ಲ. ರಬ್ಬರಿನ ಹಾಳೆ ಉಸಿರು ಕಟ್ಟಿಸುತ್ತದೆಂದು ಕೆಲವರು ಬೇಡವೆನ್ನುತ್ತಾರೆ. ಮೂಗಿನಿಂದ ಉಸಿರಾಡಬಹುದು, ಬೇಡವೆನ್ನಬೇಡಿ.

ಮುಖ ಊದಿಕೊಳ್ಳುವ ಮಾತು ಬಂದುದರಿಂದ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ೨೦೨೨ರ ಜೂನ್ ತಿಂಗಳಲ್ಲಿ ಕನ್ನಡ ಚಲನಚಿತ್ರ ನಟಿ ಸ್ವಾತಿ ಸತೀಶ್ ಅವರ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಬೆಂಗಳೂರಿನಲ್ಲಿ ಬೇರುನಾಳದ ಚಿಕಿತ್ಸೆ ಆದ ಮೇಲೆ ಅವರ ಮುಖದ ಒಂದು ಮಗ್ಗುಲು ಗುರುತು ಸಿಗದಷ್ಟು ಊದಿತ್ತು. ಬೇಗನೆ ಇಳಿಯುವುದೆಂದು ಹೇಳಲಾಗಿದ್ದ ಊತ ಸುಮಾರು ಮೂರು ವಾರವಾದರೂ ಇಳಿದಿರಲಿಲ್ಲ. ತಮಗೆ ಕೊಟ್ಟ ಔಷಧವೇ ಬೇರೆಯಾಗಿತ್ತೆಂದು ಅವರು ದೂರಿದರು. ಬೇರೊಂದು ಆಸ್ಪತ್ರೆಗೆ ಹೋದ ಮೇಲೆ ತಮಗೆ ಇದು ತಿಳಿಯಿತೆಂದೂ ಹೇಳಿದರು. ದೂರಿನ ಸರಿತಪ್ಪುಗಳನ್ನು ತೂಗುವುದು ನಮ್ಮ ಕೆಲಸವಲ್ಲ. ಮುಖವೇ ಬಂಡವಾಳವಾಗಿರುವ ವೃತ್ತಿಯವರು ಮನೆಯಿಂದ ಹೊರಬರಲಾಗದೆ ಕುಳಿತರು ಎಂಬುದನ್ನು ಮಾತ್ರ ನೋಡೋಣ. ಕೂಲಿಯವನಿಗೆ ರಟ್ಟೆ ಬಂಡವಾಳ. ಜ್ವರ ಬಂದು, ಬಾಯಿ ತೆರೆಯಲಾಗದೆ, ಗಂಜಿ ಕುಡಿದುಕೊಂಡು ಮಲಗಿದವನ ಮನೆಯಲ್ಲಿ ಆಗುವುದೂ ಅದೇ.

ಚಿಕಿತ್ಸೆಯಾದ ಎರಡು ಮೂರು ದಿನ ಕಚ್ಚಿದರೆ ನೋವು, ಅಲ್ಪಸ್ವಲ್ಪ ಊತ ಇರುವುದು ಸಹಜ. ದಿನದಿಂದ ದಿನಕ್ಕೆ ಅದು ಇಳಿಯಬೇಕು. ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ವೈದ್ಯರಲ್ಲಿಗೆ ಮರಳಬೇಕು. ಆದರೆ ಒಂದು ಊತವಿದೆ, ಅದಕ್ಕೆ ಬೆಳಗಾಗುವವರೆಗೂ ಕಾಯಕೂಡದು. ಕೆಳಹಲ್ಲಿನ ಕೀವು ನಾಲಗೆಯ ಅಡಿಗೂ ಗದ್ದದ ಕೆಳಗೂ ಎರಡೂ ಮಗ್ಗುಲಿಗೆ ಹರಡಿ ಹಲಗೆಯಂತೆ ಗಟ್ಟಿಯಾಗುತ್ತದೆ. ನಾಲಗೆ ಮೇಲಕ್ಕೇಳುತ್ತದೆ, ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ, ಉಸಿರಿಗೆ ತಡೆಯಾಗುತ್ತದೆ. ೧೮೩೬ರಲ್ಲಿ ಲುಡ್ವಿಗ್ ಎಂಬ ಜರ್ಮನ್ ವೈದ್ಯರು ಇದನ್ನು ವಿವರಿಸಿದರು, ಅವರ ಹೆಸರೇ ರೋಗಕ್ಕೆ ಉಳಿದಿದೆ. ಪೆನಿಸಿಲಿನ್‌ನಂಥ ಮದ್ದುಗಳು ಬರುವ ಮುನ್ನ ಇದು ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಈಗಲೂ ತಡಮಾಡಿದರೆ ಸಾಯುತ್ತಾರೆ. ಇಂಥ ಲಕ್ಷಣ ಕಂಡರೆ ಹಲ್ಲಿನ ಚಿಕಿತ್ಸಾಲಯದ ಬಾಗಿಲು ತೆರೆಯುವುದನ್ನು ಕಾಯದೆ ೧೦೮ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಊತದ ಮೇಲೆ ಬಿಸಿ ಇಟ್ಟಿಗೆಯ ಶಾಖ, ಬಿಸಿ ಪಟ್ಟು ಹಾಕಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಕೀವು ಬೇಗ ಹರಡುವುದರಿಂದ ಅವರ ಮನೆಯವರು ಇನ್ನಷ್ಟು ಎಚ್ಚರದಿಂದಿರತಕ್ಕದ್ದು.

ಇನ್ನು ಖರ್ಚಿನ ಮಾತು. ಖಾಸಗಿ ಚಿಕಿತ್ಸಾಲಯದಲ್ಲಿ ಬೇರುನಾಳದ ಚಿಕಿತ್ಸೆಗೆ ಕೆಲವು ಸಾವಿರ ರೂಪಾಯಿ, ಕ್ಯಾಪಿಗೆ ಬೇರೆ. ಈ ‘ಬೇರೆ’ ಎಂಬ ಶಬ್ದವನ್ನು ಮೊದಲೇ ಕೇಳಿ ತಿಳಿಯದೆ ಎಷ್ಟೋ ಮಂದಿ ನಡುನೀರಿನಲ್ಲಿ ನಿಲ್ಲುತ್ತಾರೆ. ಲೋಹದ ಕ್ಯಾಪು ಅಗ್ಗ, ಹಲ್ಲಿನ ಬಣ್ಣದ್ದು ದುಬಾರಿ. ಹಿಂದಿನ ದವಡೆ ಹಲ್ಲು ಯಾರಿಗೂ ಕಾಣುವಂಥದಲ್ಲ. ಅಲ್ಲಿಗೆ ಲೋಹದ್ದೇ ಸಾಕೆಂದು ಧಾರಾಳವಾಗಿ ಹೇಳಿ. ಮೊದಲ ಕೆಲಸ ಕೆಟ್ಟು ಎರಡನೆಯ ಸಲ ಮಾಡಿಸಬೇಕಾದರೆ ಕ್ಯಾಪು ಒಡೆಯಬೇಕು, ತುಂಬಿದ್ದನ್ನು ಕರಗಿಸಿ ತೆಗೆಯಬೇಕು, ತಪ್ಪಿದ ನಾಳವನ್ನು ಹುಡುಕಬೇಕು. ಮಾಡಿದ್ದನ್ನು ಕಿತ್ತು ಮಾಡುವುದು ಹೊಸದಾಗಿ ಮಾಡುವುದಕ್ಕಿಂತ ಕಷ್ಟವೆಂದು ಮನೆ ಕಟ್ಟಿಸಿದವರೆಲ್ಲ ಬಲ್ಲರು. ಆದುದರಿಂದ ಶುಲ್ಕವೂ ಮೊದಲಿನದಕ್ಕಿಂತ ಹೆಚ್ಚು, ಕ್ಯಾಪೂ ಹೊಸದು. ಇದಕ್ಕೂ ಬಗ್ಗದಿದ್ದರೆ ಒಸಡು ಬಿಡಿಸಿ ಬೇರಿನ ತುದಿಯನ್ನು ಕತ್ತರಿಸುವ ಶಸ್ತ್ರಕ್ರಿಯೆ. ಅದೂ ಆಗದಿದ್ದರೆ ಕೀಳುವುದು. ಕಿತ್ತ ಜಾಗಕ್ಕೆ ಲೋಹದ ತಿರುಪು ಕೂರಿಸಿ ಹಲ್ಲು ಕಟ್ಟಿಸುವುದಾದರೆ ಒಂದು ಹಲ್ಲಿಗೇ ಹತ್ತಾರು ಸಾವಿರ.

ಇದು ವೈದ್ಯರಿಗೆ ಕೊಡುವ ಹಣ. ಯಾರ ಲೆಕ್ಕದ ಪುಸ್ತಕಕ್ಕೂ ಬಾರದ ಹಣ ಇನ್ನೊಂದಿದೆ. ಉದಾಹರಣೆಗೆ ಒಬ್ಬ ಕೂಲಿಕಾರರನ್ನು ತೆಗೆದುಕೊಳ್ಳೋಣ. ಉದ್ಯೋಗ ಖಾತರಿಯ ಕೂಲಿ ನಮ್ಮ ರಾಜ್ಯದಲ್ಲಿ ೨೦೨೪-೨೫ರಲ್ಲಿ ದಿನಕ್ಕೆ ೩೪೯ ರೂಪಾಯಿ ಇತ್ತು. ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಸರಿಯಾಗಿ ನಡೆದ ಚಿಕಿತ್ಸೆಗೆ ಕ್ಯಾಪೂ ಸೇರಿ ೪ ಸಲ ಓಡಾಟ, ಜೊತೆಗೊಬ್ಬರು. ಎಂಟು ದಿನದ ಕೂಲಿ ೨,೭೯೨ ರೂಪಾಯಿ ಹೋಯಿತು. ಕೆಟ್ಟು ಮತ್ತೆ ಮಾಡಿಸಲು ಇನ್ನೂ ೫ ಸಲ ಹೋದರೆ ಮೇಲೆ ೩,೪೯೦ ರೂಪಾಯಿ. ಒಂದು ಹಲ್ಲಿನ ಓಡಾಟಕ್ಕೆ ೬,೨೮೨ ರೂಪಾಯಿಯ ದುಡಿಮೆ ಹೋದಂತಾಯಿತು. ಬಸ್ಸಿನ ಹಣ, ಮಾತ್ರೆಯ ಹಣ, ಹೋಟೆಲಿನ ಊಟ ಇದರಲ್ಲಿ ಸೇರಿಲ್ಲ. ೨೦೨೩ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ಜೊತೆಗೆ ಯಾರು ಹೋಗಬೇಕೆಂದು ಮನೆಯಲ್ಲಿ ಚರ್ಚೆಯಾದಾಗ ಇದನ್ನೂ ನೆನೆಯಬಹುದು. ‘ಅರ್ಧಕ್ಕೇ ಬಿಟ್ಟು ಹಣ ಉಳಿಸಿದೆ’ ಎನ್ನುವವರ ಉಳಿತಾಯ ಎಂಥದೆಂದು ಈ ಲೆಕ್ಕದಿಂದ ನೀವೇ ಕಾಣಬಹುದು.

ಹಾಗಾದರೆ ಎಲ್ಲಿಗೆ ಹೋಗಬೇಕು? ಮೊದಲು ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ತೋರಿಸಿ ಕೇಳಿ. ಕಷ್ಟದ ಹಲ್ಲಾದರೆ, ಅಥವಾ ಒಮ್ಮೆ ಕೆಟ್ಟ ಹಲ್ಲಾದರೆ, ಮೈಸೂರಿನ ದಂತ ಕಾಲೇಜುಗಳಿವೆ. ಜೆ.ಎಸ್.ಎಸ್. ದಂತ ಕಾಲೇಜು ೧೯೮೬ರಲ್ಲಿ ಆರಂಭವಾದುದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ೧೯೫೮ರಷ್ಟು ಹಳೆಯದು. ಕಾಲೇಜುಗಳಲ್ಲಿ ಬೇರುನಾಳದ ಕೆಲಸಕ್ಕೆಂದೇ ಮೂರು ವರ್ಷ ಹೆಚ್ಚಿಗೆ ಓದುವವರೂ ಅವರಿಗೆ ಕಲಿಸುವವರೂ ಇರುತ್ತಾರೆ. ಶುಲ್ಕ ಸಾಮಾನ್ಯವಾಗಿ ಪೇಟೆಯ ಚಿಕಿತ್ಸಾಲಯಗಳಿಗಿಂತ ಕಡಮೆ. ಆದರೆ ಹೊತ್ತು ಹಿಡಿಯುತ್ತದೆ, ಸರದಿ ಕಾಯಬೇಕು, ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು ೬೦ ಕಿಲೋಮೀಟರು. ಕೂಲಿಯ ಲೆಕ್ಕವನ್ನೂ ಶುಲ್ಕದ ಲೆಕ್ಕವನ್ನೂ ಕೂಡಿಸಿ ನೋಡಿ ತೀರ್ಮಾನಿಸಿ. ಸಂತೆಯಲ್ಲಿ ಪೆಟ್ಟಿಗೆ ಬಿಚ್ಚಿ ಹಲ್ಲು ಕಟ್ಟುವವರ ಬಳಿಗೆ ಮಾತ್ರ ಹೋಗಬೇಡಿ. ದಂತವೈದ್ಯರ ಹೆಸರು ದಂತ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕೆಂಬುದು ೧೯೪೮ರ ಕಾಯಿದೆಯಿಂದ ಬಂದ ನಿಯಮ.

ಕುರ್ಚಿಯ ಮೇಲೆ ಕೂರುವ ಮುನ್ನ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಯಾವುದಾದರೂ ಮದ್ದು ಒಗ್ಗದಿರುವುದು ಇವನ್ನೆಲ್ಲ ತಿಳಿಸಿ. ಆಮೇಲೆ ಸಂಕೋಚವಿಲ್ಲದೆ ಕೇಳಿ: ಎಷ್ಟು ಸಲ ಬರಬೇಕು? ಕ್ಯಾಪೂ ಸೇರಿ ಒಟ್ಟು ಎಷ್ಟು? ಈ ಹಲ್ಲು ಉಳಿಯುವ ಭರವಸೆ ಎಷ್ಟರ ಮಟ್ಟಿನದು? ಕೆಟ್ಟರೆ ಮುಂದೇನು? ಡಾಕ್ಟರನ್ನು ಹೀಗೆಲ್ಲ ಕೇಳಿದರೆ ಕೋಪಿಸಿಕೊಂಡಾರು ಎಂಬ ಅಂಜಿಕೆ ನಮ್ಮಲ್ಲಿ ಹೆಚ್ಚು. ಒಂದು ಜೊತೆ ಎತ್ತು ಕೊಳ್ಳುವಾಗ ಹಲ್ಲು ಬಿಡಿಸಿ ನೋಡಿ ಹತ್ತು ಪ್ರಶ್ನೆ ಕೇಳುವವರು, ಸ್ವಂತ ಹಲ್ಲಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಬರುವುದೇಕೆ? ಖಾಸಗಿ ಚಿಕಿತ್ಸಾಲಯಗಳು ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆಂದು ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯೇ ಹೇಳುತ್ತದೆ. ರಸೀದಿ, ಚೀಟಿ, ಎಕ್ಸ್-ರೇ ಪ್ರತಿ ಇವನ್ನು ಕೇಳಿ ಪಡೆದು, ಪಹಣಿ ಪತ್ರ ಇಡುವ ಪೆಟ್ಟಿಗೆಯಲ್ಲೇ ಇಡಿ.

ಕಾಗದವಿದ್ದರೆ ಮುಂದಿನ ಎರಡು ಕೆಲಸ ಸಾಧ್ಯ. ಒಂದು, ಎರಡನೆಯ ವೈದ್ಯರು ಹಳೆಯ ಎಕ್ಸ್-ರೇ ನೋಡಿ ಎಲ್ಲಿ ಎಡವಿದೆ ಎಂದು ಹೇಳಬಲ್ಲರು. ಇನ್ನೊಂದು ನ್ಯಾಯದ ಕೆಲಸ. ಹಣ ಪಡೆದು ಮಾಡುವ ವೈದ್ಯಸೇವೆಯೂ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪಿತ್ತಿತು. ೨೦೧೯ರ ಗ್ರಾಹಕ ಕಾಯಿದೆಯಂತೆ, ಕಾರಣ ಒದಗಿದ ಎರಡು ವರ್ಷದೊಳಗೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ನಮಗೆ ಚಾಮರಾಜನಗರದಲ್ಲಿ, ದೂರು ಕೊಡಬಹುದು. ಚಿಕಿತ್ಸೆಗೆ ಕೊಟ್ಟ ಹಣ ೫ ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಖಾಸಗಿ ಚಿಕಿತ್ಸಾಲಯಗಳ ಮೇಲಿನ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೂ ಸಲ್ಲಿಸಬಹುದು. ಹಾಗೆಂದ ಮಾತ್ರಕ್ಕೆ ಹಲ್ಲು ಉಳಿಯದಿದ್ದ ಪ್ರತಿಯೊಂದು ಪ್ರಸಂಗವೂ ವೈದ್ಯರ ಅಪರಾಧವಾಗದು. ಫಲ ಸಿಗಲಿಲ್ಲವೆಂಬ ಒಂದೇ ಕಾರಣದಿಂದ ವೈದ್ಯರನ್ನು ಅಲಕ್ಷ್ಯದ ಹೊಣೆಗೆ ಗುರಿಮಾಡಲಾಗದೆಂದು ಅದೇ ನ್ಯಾಯಾಲಯ ೨೦೦೫ರಲ್ಲಿ ಹೇಳಿದೆ. ಫೈಲು ಮುರಿಯುವುದು ದುರದೃಷ್ಟವಿರಬಹುದು; ಮುರಿದುದನ್ನು ಮುಚ್ಚಿಟ್ಟು ಕಳುಹಿಸಿದರೆ ಅದನ್ನು ದುರದೃಷ್ಟ ಎನ್ನಲಾರೆವು. ಕರೆದ ದಿನ ಹೋಗದೆ ಅರ್ಧಕ್ಕೆ ಬಿಟ್ಟವರ ದೂರು ನಿಲ್ಲುವುದೂ ಕಷ್ಟ.

‘ಇಷ್ಟೆಲ್ಲ ಯಾಕ್ ಬುದ್ಧಿ, ಕೀಳಿಸ್‌ಬುಟ್ರೆ ಆಯ್ತಲ್ಲ’ ಎಂದು ಹಿಂದಿನ ಸಾಲಿನ ಹಿರಿಯರೊಬ್ಬರು ಈಗಾಗಲೇ ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಲ್ಲು ಒಸಡಿನವರೆಗೂ ಮುರಿದಿದ್ದರೆ, ಬುಡ ಅಲ್ಲಾಡುತ್ತಿದ್ದರೆ, ಬುದ್ಧಿಹಲ್ಲಾಗಿದ್ದರೆ, ಕ್ಯಾಪಿನವರೆಗೂ ಹೋಗುವ ಶಕ್ತಿ ಖಂಡಿತವಾಗಿ ಇಲ್ಲದಿದ್ದರೆ, ಕೀಳಿಸುವುದೇ ಮೇಲು. ಅರ್ಧಕ್ಕೆ ಬಿಟ್ಟ ಬೇರುನಾಳಕ್ಕಿಂತ ಶುದ್ಧವಾಗಿ ಕಿತ್ತ ಹಲ್ಲು ದೇಹಕ್ಕೆ ಕ್ಷೇಮ. ಆದರೆ ಮೂವತ್ತು ವರ್ಷದ ಗಂಡಸೋ ಹೆಂಗಸೋ ಅಗಿಯುವ ದೊಡ್ಡ ಹಲ್ಲನ್ನು ಕಳೆದುಕೊಂಡರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಎದುರಿನ ಹಲ್ಲು ಉದ್ದವಾಗಿ ಇಳಿಯುತ್ತದೆ, ಇನ್ನೊಂದು ಮಗ್ಗುಲಲ್ಲೇ ಅಗಿದು ಅಗಿದು ಆ ಕಡೆಯದೂ ಸವೆಯುತ್ತದೆ. ಬಡ ಹಿರಿಯರಿಗೆ ಕಟ್ಟಿಸಿದ ಹಲ್ಲುಗಳನ್ನು ಕೊಡಲು ರಾಜ್ಯ ಸರ್ಕಾರ ೨೦೧೪ರಲ್ಲಿ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಅದು ಹಲ್ಲೆಲ್ಲ ಹೋದ ಮೇಲಿನ ಮಾತು. ಮೂವತ್ತರ ವಯಸ್ಸಿನವರು ಅದನ್ನು ನೆಚ್ಚಿ ಕೂರಲಾದೀತೇ?

ಈ ಸಭೆಯಲ್ಲಿ ತಾತ್ಕಾಲಿಕ ಸಿಮೆಂಟನ್ನು ಬಾಯಲ್ಲಿಟ್ಟುಕೊಂಡೇ ತಿಂಗಳುಗಳನ್ನು ಕಳೆದವರು ನಾಲ್ಕಾರು ಮಂದಿಯಾದರೂ ಇದ್ದೀರಿ. ನೋವಿಲ್ಲದಿದ್ದರೂ ಚಿಂತೆಯಿಲ್ಲ, ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ನೋಡಿಕೊಳ್ಳಿ. ಆ ಹಲ್ಲಿನ ಬುಡದ ಒಸಡಿನ ಮೇಲೆ ಬಿಳಿಯ ತಲೆಯ ಸಣ್ಣ ಗುಳ್ಳೆ ಇದೆಯೇ? ಬೆರಳಿನಿಂದ ಒತ್ತಿದರೆ ಉಪ್ಪುಪ್ಪಾದ ಕೆಟ್ಟ ರುಚಿ ಬರುತ್ತದೆಯೇ? ಸಿಮೆಂಟಿನಲ್ಲಿ ಸಂದಿ ಬಿಟ್ಟು ಅನ್ನ ಸಿಕ್ಕಿಕೊಳ್ಳುತ್ತದೆಯೇ? ಇವುಗಳಲ್ಲಿ ಒಂದು ಇದ್ದರೂ, ಕಬ್ಬಿನ ಕಟಾವು ಮುಗಿಯಲಿ ಎಂದು ಕಾಯದೆ, ಮುಂದಿನ ಸಲ ಕೊಳ್ಳೇಗಾಲಕ್ಕೆ ಹೋಗುವಾಗ ಹಳೆಯ ಚೀಟಿಯನ್ನೂ ಎಕ್ಸ್-ರೇಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಚೀಟಿ ಕಳೆದುಹೋಗಿದ್ದರೆ, ಹಿಂದೆ ಯಾವ ತಿಂಗಳಲ್ಲಿ ತೋರಿಸಿದಿರಿ, ಎಷ್ಟು ಸಲ ಹೋದಿರಿ, ಯಾವ ಮಾತ್ರೆ ಕೊಟ್ಟರು ಎಂಬುದನ್ನು ಮಕ್ಕಳ ಕೈಲಿ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋದರೂ ಆಗುತ್ತದೆ.